ಸ್ಟುಟ್‌ಗಾರ್ಟಿಗೆ ಹೊಸದಾಗಿ ಬಂದವರಿಗೆ: ಕೈಯಲ್ಲಿನ ಫೋನು, ಎದುರಿನ ಗೆಳೆಯರು

ಚಳಿಗಾಲದ ಸೆಮಿಸ್ಟರು ಅಕ್ಟೋಬರಿನಲ್ಲಿ ಶುರುವಾಗುವುದರಿಂದ, ಸೆಪ್ಟೆಂಬರಿನ ಕೊನೆಯ ವಾರಗಳಲ್ಲಿ ಕರ್ನಾಟಕದ ಹುಡುಗ ಹುಡುಗಿಯರು ಎಂ.ಎಸ್. ಓದಲೆಂದು ಜರ್ಮನಿಯ ಸ್ಟುಟ್‌ಗಾರ್ಟಿಗೆ ಬಂದಿಳಿಯುತ್ತಾರೆ. 14 ವರ್ಷಗಳಿಂದ ಇಲ್ಲಿರುವ ನನ್ನನ್ನು ಅವರಲ್ಲಿ ಹಲವರು ಅಕ್ಕಾ ಎಂದು ಕರೆದು, ಸೋನಾ ಮಸೂರಿ ಎಲ್ಲಿ ಸಿಗುತ್ತದೆ, ಬ್ಯಾಂಕ್ ಖಾತೆ ಹೇಗೆ ತೆರೆಯಬೇಕು ಎಂದೆಲ್ಲ ಕೇಳುತ್ತಾರೆ. ಇಲ್ಲಿಯವರ ಗೆಳೆತನ ಮಾಡಿಕೊಳ್ಳುವುದು ಹೇಗೆ ಎಂಬ ಪ್ರಶ್ನೆ ಮಾತ್ರ ಆಗ ಯಾರ ಬಾಯಲ್ಲೂ ಬರುವುದಿಲ್ಲ. ಸಂಜೆ ನಾಲ್ಕೂವರೆಗೇ ಕತ್ತಲಾಗುವ ಡಿಸೆಂಬರಿನಲ್ಲಿ, ಸ್ವಲ್ಪ ಸಂಕೋಚದಿಂದ ಬರುತ್ತದೆ. ಅದಕ್ಕೆ ನಾನು ಕೊಡುವ ಉತ್ತರ ಕೆಲವರಿಗೆ ವಿಚಿತ್ರವೆನಿಸಬಹುದು: ನಿಮ್ಮ ಸ್ಮಾರ್ಟ್‌ಫೋನನ್ನು ಇಲ್ಲಿಯ ರೀತಿಯಲ್ಲಿ ಬಳಸಲು ಕಲಿಯಿರಿ.

ನಮ್ಮೂರಲ್ಲಿ ಸಂಜೆ ಬೇಸರವಾದರೆ ಗೆಳೆಯನ ಮನೆ ಮುಂದೆ ನಿಂತು ಕೂಗಿದರೆ ಸಾಕು, ಅವರಮ್ಮ ಕಾಫಿಯನ್ನೂ ಕೊಡುತ್ತಾರೆ. ಇಲ್ಲಿ ಹೇಳದೆ ಕೇಳದೆ ಒಬ್ಬರ ಬಾಗಿಲು ತಟ್ಟುವ ವಾಡಿಕೆಯಿಲ್ಲ. ಭೇಟಿಯೆಂಬುದು ದಿನ, ಗಂಟೆ, ಜಾಗ ಎಲ್ಲವೂ ಮೊದಲೇ ಗೊತ್ತಾದ ಮೇಲೆ ನಡೆಯುವ ಸಂಗತಿ, ಮತ್ತು ಯುವಕರ ನಡುವೆ ಅದೆಲ್ಲ ಗೊತ್ತಾಗುವುದು ಫೋನಿನ ಗುಂಪುಗಳಲ್ಲಿ. ಆ ಗುಂಪಿನಲ್ಲಿ ನೀವಿಲ್ಲದಿದ್ದರೆ ಯಾರೂ ನಿಮ್ಮನ್ನು ಬೇಕೆಂದು ಹೊರಗಿಟ್ಟಿರುವುದಿಲ್ಲ, ಆದರೂ ನೀವು ಹೊರಗೇ ಇರುತ್ತೀರಿ.

ಹಾಸನದ ಕಡೆಯ ಹುಡುಗನೊಬ್ಬ ಬಂದ ಹೊಸದರಲ್ಲಿ ಮೂವರು ಜರ್ಮನ್ನರೊಡನೆ ಒಂದು ಮನೆ ಹಂಚಿಕೊಂಡಿದ್ದ. ಅವನ ಹಳೆಯ ಫೋನಿನ ಬ್ಯಾಟರಿ ಅರ್ಧ ದಿನವೂ ನಿಲ್ಲುತ್ತಿರಲಿಲ್ಲ, ಅದರಲ್ಲಿದ್ದದ್ದು ಊರಿನ ಸಿಮ್ ಒಂದೇ, ಆದ್ದರಿಂದ ಜೊತೆಗಿದ್ದ ಆ ಮೂವರ ವಾಟ್ಸಾಪ್ ಗುಂಪಿಗೆ ಸೇರುವುದನ್ನು ಅವನು ಮುಂದೂಡುತ್ತಲೇ ಬಂದ. ಒಂದು ಸೋಮವಾರ ಅವರ ಬಾಗಿಲಿನ ಹಿಡಿಗೆ ದಾರ ಕಟ್ಟಿದ ಮರದ ಫಲಕವೊಂದು ನೇತಾಡುತ್ತಿತ್ತು. ಅಲಂಕಾರವಿರಬೇಕೆಂದು ಅವನು ಸುಮ್ಮನಾದ. ಅದು ಕೇರ್‌ವೋಖೆ, ಅಂದರೆ ಮೆಟ್ಟಿಲು ಮತ್ತು ಅಂಗಳ ಗುಡಿಸುವ ಸರದಿ ಈ ವಾರ ನಿಮ್ಮ ಮನೆಯದು ಎಂದು ತಿಳಿಸುವ ಫಲಕ, ಈ ಸರದಿಯನ್ನು ಸ್ಟುಟ್‌ಗಾರ್ಟಿನ ಸುತ್ತಲಿನ ಸ್ವಾಬಿಯಾ ಸೀಮೆಯ ಜನ ಎಷ್ಟು ಗಟ್ಟಿಯಾಗಿ ಪಾಲಿಸುತ್ತಾರೆಂದರೆ ಬೇರೆ ಜರ್ಮನ್ನರೇ ಅದರ ಬಗ್ಗೆ ನಗೆಯಾಡುತ್ತಾರೆ. ಗುಂಪಿನಲ್ಲಿ ಆ ಕೆಲಸ ಇವನ ಪಾಲಿಗೆ ಬಂದಿದ್ದನ್ನು ಇವನು ನೋಡಲಿಲ್ಲ, ಗುಡಿಸಲೂ ಇಲ್ಲ. ಉಳಿದ ಮೂವರು ಇವನನ್ನು ಸೋಮಾರಿಯೆಂದುಕೊಂಡರು, ಇವನು ಅವರನ್ನು ಬಿಗುಮಾನದವರೆಂದುಕೊಂಡ. ಎರಡು ತಿಂಗಳ ನಂತರ ಹೊಸ ಫೋನು ಕೊಂಡು ಗುಂಪಿಗೆ ಸೇರಿ, ಕ್ಯಾಮೆರಾವನ್ನು ಫಲಕದ ಮೇಲೆ ಹಿಡಿದು ಅನುವಾದ ಓದಿದಾಗ ಅವನಿಗೆ ನಾಚಿಕೆಯಾಯಿತು. ಆ ಶನಿವಾರ ಮೆಟ್ಟಿಲು ಗುಡಿಸಿ, ಒರೆಸಿ, ಅದರ ಚಿತ್ರವನ್ನು ಗುಂಪಿಗೆ ಹಾಕಿದ; ಸಂಜೆ ಅಡುಗೆಮನೆಯಲ್ಲಿ ನಾಲ್ವರೂ ಕೂತು ಅವನು ಕಲಸಿದ ಚಿತ್ರಾನ್ನ ತಿಂದರು.

ಆದ್ದರಿಂದ ಬಂದ ವಾರದಲ್ಲೇ ಇಲ್ಲಿಯ ಸಿಮ್ ಪಡೆಯಿರಿ. 2017ರ ಜುಲೈನಿಂದ ಪ್ರಿಪೇಯ್ಡ್ ಸಿಮ್‌ಗೂ ಗುರುತಿನ ಪರಿಶೀಲನೆ ಕಡ್ಡಾಯವಾಗಿರುವುದರಿಂದ ಪಾಸ್‌ಪೋರ್ಟ್ ಜೊತೆಗಿರಲಿ; ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ ಎಂಬುದೂ ನೆನಪಿರಲಿ. ಊರಿನ ಬ್ಯಾಂಕಿನ ಒಟಿಪಿ ಬರಲು ಹಳೆಯ ಸಿಮ್ ಕೂಡ ಬೇಕು, ಹಾಗಾಗಿ ಎರಡು ಸಿಮ್ ಹಿಡಿಸುವ ಫೋನು ಒಳ್ಳೆಯದು.

ಗುಂಪಿಗೆ ಸೇರಿದ ಮೇಲೆ ನಮ್ಮವರು ಎಡವುವುದು ಒಂದೇ ಮಾತಿನಲ್ಲಿ: ‘ನೋಡೋಣ’. ಯಾರಾದರೂ ಮಾಕ್ಸ್ ಐತ್ ಕೆರೆಯ ದಡದಲ್ಲಿ ಸೇರೋಣವೆಂದು ಮೂರು ದಿನಾಂಕ ಕೊಟ್ಟು ಮತ ಕೇಳುತ್ತಾರೆ. ನಾವು ಮುಖ ಮುರಿಯಬಾರದೆಂದು ‘ನೋಡೋಣ’ ಎಂಬರ್ಥದ ಏನನ್ನೋ ಬರೆಯುತ್ತೇವೆ, ಇಲ್ಲವೇ ಮೂರಕ್ಕೂ ಒಪ್ಪಿ ಒಂದಕ್ಕೂ ಹೋಗುವುದಿಲ್ಲ. ನಮ್ಮಲ್ಲಿ ಅದು ಸೌಜನ್ಯದ ನಿರಾಕರಣೆ ಎಂದು ಎಲ್ಲರಿಗೂ ತಿಳಿಯುತ್ತದೆ, ಇಲ್ಲಿಯವರಾದರೋ ನಿಮ್ಮನ್ನು ಲೆಕ್ಕಕ್ಕೆ ಹಿಡಿದು ರೊಟ್ಟಿ ತಂದಿರುತ್ತಾರೆ. ಬರಲಾಗುವುದಿಲ್ಲ ಎಂದು ನೇರವಾಗಿ ಬರೆದರೆ ಯಾರೂ ನೊಂದುಕೊಳ್ಳುವುದಿಲ್ಲ, ಮುಂದಿನ ಸಲವೂ ಕರೆಯುತ್ತಾರೆ. ಒಪ್ಪಿ ಬರದಿದ್ದವರನ್ನು ಎರಡು ಸಲ ನೋಡಿ ಮೂರನೆಯ ಸಲ ಬಿಟ್ಟುಬಿಡುತ್ತಾರೆ. ಒಪ್ಪಿದ ದಿನವನ್ನು ಅಲ್ಲೇ ಕ್ಯಾಲೆಂಡರಿಗೆ ಸೇರಿಸಿಕೊಳ್ಳಿ, ಜೊತೆಗೆ ಇನ್ನೊಬ್ಬರನ್ನು ಕರೆತರುವುದಾದರೆ ಮೊದಲೇ ಕೇಳಿ, ಐದು ನಿಮಿಷ ತಡವಾದರೂ ಒಂದು ಸಾಲು ಬರೆಯಿರಿ.

ಮಾತಿನ ಹೆದರಿಕೆ ಇರುವವರಿಗೆ ಫೋನಿನಲ್ಲಿ ಇನ್ನೊಂದು ಅನುಕೂಲವಿದೆ. ತರಗತಿಯಲ್ಲಿ ಕಲಿತ ಜರ್ಮನ್ ಭಾಷೆಗೂ ಇಲ್ಲಿಯ ಸ್ವಾಬಿಯನ್ ಮಾತಿಗೂ, ಪಠ್ಯಪುಸ್ತಕದ ಕನ್ನಡಕ್ಕೂ ಧಾರವಾಡದ ಸಂತೆಯ ಕನ್ನಡಕ್ಕೂ ಇರುವಷ್ಟೇ ಅಂತರವಿದೆ. ಎದುರಿಗೆ ನಿಂತವರನ್ನು ನಾಲ್ಕನೆಯ ಸಲ ‘ಏನಂದಿರಿ’ ಎಂದು ಕೇಳಲು ಸಂಕೋಚವಾಗುತ್ತದೆ, ಆದರೆ ಅವರು ಕಳುಹಿಸಿದ ಧ್ವನಿ ಸಂದೇಶವನ್ನು ಬಸ್ಸಿನಲ್ಲಿ ಕೂತು ಹತ್ತು ಸಲ ಕೇಳಬಹುದು, ಉತ್ತರವನ್ನು ಎರಡು ಸಲ ಅಳಿಸಿ ಮೂರನೆಯ ಸಲ ಕಳುಹಿಸಬಹುದು. ನನ್ನ ಕಿವಿ ಈ ಸೀಮೆಯ ಮಾತಿಗೆ ಒಗ್ಗಿದ್ದು ಹೀಗೆಯೇ.

ಊರಾಚೆಯ ತಿರುಗಾಟಕ್ಕೆ ಡಾಯ್ಚ್‌ಲಾಂಡ್ ಟಿಕೆಟ್ ಬೇಕು. 2023ರ ಮೇ ತಿಂಗಳಲ್ಲಿ 49 ಯೂರೋಗೆ ಶುರುವಾಗಿ 2026ರ ಜನವರಿಯಿಂದ ತಿಂಗಳಿಗೆ 63 ಯೂರೋ ಆಗಿರುವ ಈ ಪಾಸು ಫೋನಿನಲ್ಲೇ ಇರುತ್ತದೆ, ದೇಶದ ಎಲ್ಲ ಪ್ರಾದೇಶಿಕ ರೈಲುಗಳಿಗೂ ನಗರ ಸಾರಿಗೆಗೂ ಸಲ್ಲುತ್ತದೆ. ಐಸಿಇ, ಐಸಿಯಂಥ ದೂರದೂರಿನ ವೇಗದ ರೈಲುಗಳಿಗೆ ಮಾತ್ರ ಸಲ್ಲದು. ಟಿಕೆಟ್ ಕೈಯಲ್ಲಿದ್ದವರು ಶುಕ್ರವಾರ ರಾತ್ರಿ ಗುಂಪಿನಲ್ಲಿ ಬಂದ ಕರೆಗೆ ಖರ್ಚು ಲೆಕ್ಕ ಹಾಕದೆ ಒಪ್ಪಬಹುದು. ಟ್ಯೂಬಿಂಗನ್ ಊರು ಇಲ್ಲಿಂದ ಒಂದು ಗಂಟೆಯೊಳಗಿನ ಪ್ರಯಾಣ. 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನು ಹೊರತಂದ ಫರ್ಡಿನೆಂಡ್ ಕಿಟ್ಟೆಲ್ 1903ರಲ್ಲಿ ತೀರಿಕೊಂಡದ್ದು ಅಲ್ಲಿಯೇ. ಜರ್ಮನ್ ಸಹಪಾಠಿಗಳೊಡನೆ ಅಲ್ಲಿಗೆ ಹೋದರೆ ಫೋನಿನಲ್ಲಿ ಬೆಂಗಳೂರಿನ ಕಿಟ್ಟೆಲ್ ಪ್ರತಿಮೆಯ ಚಿತ್ರ ತೋರಿಸಿ. ಹೆಚ್ಚಿನವರು ಆ ಹೆಸರನ್ನೇ ಕೇಳಿರುವುದಿಲ್ಲ, ಹಾಗಾಗಿ ಆ ದಿನ ಮಾತಾಡುವವರು ನೀವು, ಕೇಳುವವರು ಅವರು.

ಫೋನಿನಿಂದಲೇ ಗೆಳೆತನ ಕೆಡುವ ಎರಡು ಸಂದರ್ಭಗಳನ್ನೂ ಹೇಳಬೇಕು. ಪಾರ್ಟಿಯಲ್ಲಿ ತೆಗೆದ ಚಿತ್ರವನ್ನು ಅದರಲ್ಲಿರುವವರನ್ನು ಕೇಳದೆ ಇನ್‌ಸ್ಟಾಗ್ರಾಮಿಗೆ ಹಾಕಬೇಡಿ; ಒಬ್ಬರ ಚಿತ್ರವನ್ನು ಹಂಚಲು ಅವರ ಒಪ್ಪಿಗೆ ಬೇಕೆನ್ನುವ 1907ರ ಕಾನೂನು ಇಂದಿಗೂ ಜಾರಿಯಲ್ಲಿದೆ, ಕಾನೂನಿಗಿಂತ ಹೆಚ್ಚಾಗಿ ಜನರ ಮನಸ್ಸಿನಲ್ಲಿದೆ. ಎರಡನೆಯದಾಗಿ, ಹೊಸ ಕನ್ನಡ ಸಿನಿಮಾವನ್ನು ಟೊರೆಂಟ್ ಮೂಲಕ ಇಳಿಸಿಕೊಳ್ಳುವ ಅಭ್ಯಾಸವನ್ನು ವಿಮಾನ ನಿಲ್ದಾಣದಲ್ಲೇ ಬಿಟ್ಟು ಬನ್ನಿ. ನೂರಾರು ಯೂರೋ ಕೇಳುವ ವಕೀಲರ ಪತ್ರ ಇಂಟರ್‌ನೆಟ್ ಯಾರ ಹೆಸರಿನಲ್ಲಿದೆಯೋ ಅವರಿಗೆ ಬರುತ್ತದೆ, ಅಂದರೆ ನಿಮ್ಮನ್ನು ನಂಬಿ ವೈಫೈ ಪಾಸ್‌ವರ್ಡ್ ಕೊಟ್ಟ ಮನೆಯ ಗೆಳೆಯನಿಗೆ.

ಊರಿನ ಕರೆಗಳ ವಿಷಯ ಸೂಕ್ಷ್ಮವಾದದ್ದು. ಭಾರತ ನಮಗಿಂತ ಬೇಸಿಗೆಯಲ್ಲಿ ಮೂರೂವರೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಮುಂದಿದೆ. ಅಮ್ಮ ಊಟ ಮುಗಿಸಿ ರಾತ್ರಿ ಒಂಬತ್ತಕ್ಕೆ ವಿಡಿಯೊ ಕರೆ ಮಾಡಿದರೆ ಇಲ್ಲಿ ಸಂಜೆ ನಾಲ್ಕೂವರೆಯೋ ಐದೂವರೆಯೋ ಆಗಿರುತ್ತದೆ, ಅಂದರೆ ತರಗತಿ ಮುಗಿದು ಎಲ್ಲರೂ ಎಲ್ಲಿಗಾದರೂ ಹೊರಡುವ ಹೊತ್ತು. ದಿನವೂ ಆ ಹೊತ್ತಿಗೆ ಕೋಣೆ ಸೇರಿಕೊಂಡು ಒಂದು ಗಂಟೆ ಮಾತಾಡುವವರು ಹೊರಬರುವಷ್ಟರಲ್ಲಿ ಉಳಿದವರು ಹೋಗಿಯಾಗಿರುತ್ತದೆ. ಅಮ್ಮನಿಗೆ ಇದನ್ನು ಬಿಡಿಸಿ ಹೇಳಿ. ವಾರದ ದಿನಗಳಲ್ಲಿ ಬೆಳಿಗ್ಗೆ ಎಸ್-ಬಾನ್ ಎಂಬ ನಗರದ ರೈಲು ಹತ್ತುವ ಮುನ್ನ ಒಂದು ಧ್ವನಿ ಸಂದೇಶ ಕಳುಹಿಸಿ, ಉದ್ದದ ಮಾತುಕತೆಯನ್ನು ಭಾನುವಾರ ಬೆಳಿಗ್ಗೆ ಹತ್ತಕ್ಕೆ ಇಟ್ಟುಕೊಳ್ಳಿ. ಆಗ ಊರಿನಲ್ಲಿ ಮಧ್ಯಾಹ್ನದ ಊಟದ ಹೊತ್ತು, ಮನೆಮಂದಿಯೆಲ್ಲ ಒಟ್ಟಿಗೆ ಸಿಗುತ್ತಾರೆ. ಇಲ್ಲಿ ಅಂಗಡಿಗಳೂ ತೆರೆದಿರುವುದಿಲ್ಲ, ಮನೆಯ ಗೆಳೆಯರೂ ಇನ್ನೂ ಎದ್ದಿರುವುದಿಲ್ಲ.