ಅಮೆರಿಕದಲ್ಲಿ ಅಪ್ಪ ಅಮ್ಮನಿಗೆ ಸಣ್ಣ ಕಾಯಿಲೆಯೇ? ಔಷಧದಂಗಡಿಗೆ ಹೋಗಿ
ಊರಿನಿಂದ ಬಂದಿರುವ ಹಿರಿಯರಿಗೆ ಗಂಟಲು ನೋವು, ಕಿವಿ ನೋವು, ಕೆಂಗಣ್ಣು ಆದರೆ ಆಸ್ಪತ್ರೆಯ ಎಮರ್ಜೆನ್ಸಿಗೆ ಓಡಬೇಡಿ. ಸಿವಿಎಸ್ ಔಷಧದಂಗಡಿಯೊಳಗಿನ ಮಿನಿಟ್‌ಕ್ಲಿನಿಕ್‌ನಂತಹ ಕಡೆ ಕರೆದೊಯ್ಯಿರಿ. ಅಲ್ಲಿ ನೋಡುವವರು ಹೆಚ್ಚಾಗಿ ನರ್ಸ್ ಪ್ರಾಕ್ಟೀಷನರ್‌ಗಳು, ಅಂದರೆ ಹೆಚ್ಚಿನ ತರಬೇತಿ ಪಡೆದ ನರ್ಸ್‌ಗಳು. ಔಷಧಚೀಟಿ ಅವರೇ ಬರೆಯುತ್ತಾರೆ, ದರವನ್ನು ಮೊದಲೇ ಕೇಳಿ ತಿಳಿಯಬಹುದು. ಎಮರ್ಜೆನ್ಸಿಯಲ್ಲಾದರೆ ವೈದ್ಯರ ಶುಲ್ಕವೇ ಬೇರೆ, ಆಸ್ಪತ್ರೆಯ ಶುಲ್ಕವೇ ಬೇರೆ; ಜ್ವರ ಬಿಟ್ಟು ಎಷ್ಟೋ ದಿನವಾದ ಮೇಲೆ ಅಂಚೆಯಲ್ಲಿ ಬರುವ ಬಿಲ್ಲು ಮತ್ತೆ ಜ್ವರ ಬರಿಸುತ್ತದೆ. ಟೆಕ್ಸಾಸ್‌ನಂತಹ ಕಡೆ ಅಂಗಡಿ ಸಾಲಿನಲ್ಲೇ ಪುಟ್ಟ ಎಮರ್ಜೆನ್ಸಿ ಕೇಂದ್ರಗಳಿವೆ. ನೋಟಕ್ಕೆ ಅವು ಕ್ಲಿನಿಕ್, ಬಿಲ್ಲಿಗೆ ಆಸ್ಪತ್ರೆ! ಒಳಗೆ ಕಾಲಿಡುವ ಮೊದಲು ಫಲಕದಲ್ಲಿ ‘ಎಮರ್ಜೆನ್ಸಿ’ ಅಥವಾ ‘ಇಆರ್’ ಎಂದಿದೆಯೇ ನೋಡಿ. ಔಷಧದಂಗಡಿಯ ಕ್ಲಿನಿಕ್‌ಗಳಲ್ಲಿ ಸಾಮಾನ್ಯವಾಗಿ ಎಕ್ಸ್‌-ರೇ ಇರುವುದಿಲ್ಲ, ಹಸುಗೂಸುಗಳನ್ನೂ ನೋಡುವುದಿಲ್ಲ. ಬಿದ್ದು ಮೂಳೆಗೆ ಪೆಟ್ಟಾಗಿದ್ದರೆ ಅರ್ಜೆಂಟ್ ಕೇರ್‌ಗೆ, ಅಂದರೆ ಪ್ರಾಣಾಪಾಯವಿಲ್ಲದ ತೊಂದರೆಗಳನ್ನು ನೋಡುವ ಕ್ಲಿನಿಕ್‌ಗೆ ಹೋಗಿ. ಎದೆನೋವು, ಉಸಿರಾಟದ ತೊಂದರೆ, ಮಾತು ತೊದಲುವುದು ಕಂಡರೆ ಮಾತ್ರ ಲೆಕ್ಕಾಚಾರ ಬೇಡವೇ ಬೇಡ, 911ಕ್ಕೆ ಕರೆ ಮಾಡಿ. 1986ರ ಕಾನೂನಿನಂತೆ ಮೆಡಿಕೇರ್ (ಮುಖ್ಯವಾಗಿ ಹಿರಿಯರಿಗಿರುವ ಸರ್ಕಾರಿ ಆರೋಗ್ಯ ವಿಮೆ) ಹಣ ಪಡೆಯುವ ಆಸ್ಪತ್ರೆಗಳ ಎಮರ್ಜೆನ್ಸಿಯವರು ವಿಮೆ ಇಲ್ಲವೆಂದು ತುರ್ತು ರೋಗಿಯನ್ನು ತಪಾಸಣೆ ಮಾಡದೆ ಸಾಗಹಾಕುವಂತಿಲ್ಲ. ಪ್ರವಾಸಿ ವಿಮೆಯಿದ್ದರೆ ಪ್ರತಿ ಖರ್ಚನ್ನೂ ಬಿಡಿಸಿ ಬರೆದ ಬಿಲ್ಲನ್ನು ಅಲ್ಲೇ ಕೇಳಿ ಪಡೆಯಿರಿ.