ಗುಜರಾತಿ ಅಡುಗೆ ತರಗತಿಗೆ ಇಂಗ್ಲಿಷ್ ದುಭಾಷಿ: ಹುಡುಕಿದ್ದು ಹೀಗೆ

ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಗುಜರಾತಿ ಬಲ್ಲವರಿಗೆ ಬರವಿಲ್ಲ. ಆದರೆ ಗುಜರಾತಿಯಲ್ಲಿ ಕಲಿಸುವ ಅಡುಗೆಯವರ ಮಾತನ್ನು ಇಂಗ್ಲಿಷಿಗೆ ತಿರುಗಿಸುವ, ಅಡುಗೆ ತರಗತಿಗೆ ಒಗ್ಗುವ ದುಭಾಷಿ ಸಿಗುವುದೇ ಕಷ್ಟ. ಎನ್‌ಆರ್‌ಪಿಎಸ್‌ಐ (ಸಾರ್ವಜನಿಕ ಸೇವೆಯ ದುಭಾಷಿಗಳ ಬ್ರಿಟನ್ನಿನ ರಾಷ್ಟ್ರೀಯ ನೋಂದಣಿ) ಪಟ್ಟಿಯವರು ಹೆಚ್ಚಾಗಿ ಕೋರ್ಟು, ಆಸ್ಪತ್ರೆ ಕೆಲಸಕ್ಕೆ ಪಳಗಿದವರು. ಭಾಷೆ ಪಕ್ಕಾ, ಒಲೆ ಮುಂದೆ ತಡವರಿಕೆ. ಪಟ್ಟಿಯಿಂದಲೇ ಆರಿಸಿ, ಫೋನಿನಲ್ಲಿ ಸಣ್ಣ ಪರೀಕ್ಷೆ ಇಟ್ಟಮೇಲೆ ಸಮಸ್ಯೆ ಬಗೆಹರಿಯಿತು.

ಪರೀಕ್ಷೆ ಹೀಗೆ: ಭಾಖರಿ (ದಪ್ಪ ಗುಜರಾತಿ ರೊಟ್ಟಿ) ಹಿಟ್ಟಿಗೆ ಎಣ್ಣೆ ಎಷ್ಟು ಎನ್ನಲು ‘ಮುಠ್ಠಿ ಪಡತುಂ ಮೋಣ್’ ಎನ್ನುತ್ತಾರಲ್ಲ, ಅದನ್ನು ವಿವರಿಸಲು ಹೇಳಿ. ಎಣ್ಣೆ ಉಜ್ಜಿದ ಒಣಹಿಟ್ಟನ್ನು ಮುಷ್ಟಿಯಲ್ಲಿ ಅದುಮಿದರೆ ಉಂಡೆಯಾಗಿ ನಿಲ್ಲಬೇಕು, ಅದೇ ಅಳತೆ. ‘ಸ್ವಲ್ಪ ಎಣ್ಣೆ ಹಾಕಿ’ ಎಂದು ಮುಗಿಸಿದವರನ್ನು ಬಿಟ್ಟುಬಿಡಿ. ಎಣ್ಣೆ ಕಮ್ಮಿಯಾದರೆ ಭಾಖರಿ ಗಟ್ಟಿ. ಖಮಣ್‌ಗೂ ಢೋಕ್ಳಾಗೂ ವ್ಯತ್ಯಾಸ ಕೇಳಿ. ಎರಡೂ ಆವಿಯಲ್ಲಿ ಬೇಯಿಸುವ ತಿಂಡಿ; ಖಮಣ್ ಸೋಡದಿಂದ ಉಬ್ಬುವ ಕಡಲೆಹಿಟ್ಟಿನದು, ಢೋಕ್ಳಾ ಹುಳಿ ಬರಿಸಿದ ಅಕ್ಕಿ-ಬೇಳೆಯದು.

ಪಾಕವಿಧಾನವನ್ನು ದುಭಾಷಿಗೆ ಮೊದಲೇ ಕಳಿಸಿ. ‘ವಾಟಕಿ’ (ಸಣ್ಣ ಬಟ್ಟಲು) ಎಂದಿರುವಲ್ಲೆಲ್ಲ ಅಡುಗೆಯವರ ಬಟ್ಟಲಲ್ಲೇ ಹಿಟ್ಟು ಅಳೆದು, ತೂಗಿ, ಗ್ರಾಂ ಬರೆದಿಡಿ. ಮನೆಮನೆಯ ಬಟ್ಟಲೂ ಬೇರೆ!

ಖಾಂಡ್ವಿ (ಕಡಲೆಹಿಟ್ಟಿನ ತೆಳು ಸುರುಳಿ) ಮಾಡುವ ದಿನ ಕ್ರಮ ಬದಲಿಸಬೇಕು. ಬೇಯಿಸಿದ ಹಿಟ್ಟನ್ನು ಬಿಸಿಯಿರುವಾಗಲೇ ತಟ್ಟೆಗೆ ತೆಳ್ಳಗೆ ಬಳಿಯಬೇಕು. ಅನುವಾದಕ್ಕೆಂದು ನಿಂತರೆ ಪಾತ್ರೆಯಲ್ಲೇ ಹೆಪ್ಪುಗಟ್ಟುತ್ತದೆ. ಆ ಹಂತವನ್ನು ಒಲೆ ಹಚ್ಚುವ ಮುಂಚೆಯೇ ಹೇಳಿಸಿ, ಬಳಿಯುವಾಗ ದುಭಾಷಿ ಸುಮ್ಮನಿರಲಿ.