ಬ್ಯಾಡಗಿಯ ದರ ಕಿವಿಗೂ ಕೇಳಬೇಕು

ನಾನು ಹುಬ್ಬಳ್ಳಿಯಲ್ಲಿ ವೆಬ್‌ಸೈಟ್ ಮಾಡುತ್ತೇನೆ. ಬ್ಯಾಡಗಿಯ ಒಂದು ದಲಾಲಿ ಅಂಗಡಿಯವರ ಹಳೆಯ ಸೈಟನ್ನು ಹೊಸದಾಗಿ ಕಟ್ಟುವ ಕೆಲಸ ಬಂದಿತ್ತು. ಅದರಲ್ಲಿ ದಿನದ ಮೆಣಸಿನಕಾಯಿ ದರ ಇರುತ್ತಿತ್ತು, ಆದರೆ ಬೋರ್ಡಿನ ಫೋಟೊ ಆಗಿ. ಪರದೆಯ ಮೇಲಿನ ಬರಹವನ್ನು ಕಣ್ಣು ಕಾಣದವರಿಗೆ ಓದಿ ಹೇಳುವ ಸ್ಕ್ರೀನ್ ರೀಡರ್‌ಗೆ ಅದು ಬರೀ ಒಂದು ಚಿತ್ರ. ಪ್ರಕಟಣೆಗಳೆಲ್ಲ, ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಯೂನಿಕೋಡ್‌ಗೆ ಮೊದಲಿನ ಫಾಂಟಿನಲ್ಲಿದ್ದವು. ಅಂಥ ಫಾಂಟಿನಲ್ಲಿ ಮೇಲೆ ಕನ್ನಡ ಕಂಡರೂ ಒಳಗಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳು. ಓದಿಸಿದರೆ ಏನೂ ತಿಳಿಯುವುದಿಲ್ಲ. ಮೊದಲು ಎಲ್ಲವನ್ನೂ ಯೂನಿಕೋಡ್‌ಗೆ ತಂದೆ. ಪುಟದ ಭಾಷೆ ಯಾವುದೆಂದು ತಿಳಿಸುವ ಲ್ಯಾಂಗ್ ಆಟ್ರಿಬ್ಯೂಟ್‌ಗೆ ‘ಕೆಎನ್’, ಅಂದರೆ ಕನ್ನಡ, ಎಂದು ಕೊಟ್ಟೆ. ಇದನ್ನು ಬಿಟ್ಟರೆ ಇಂಗ್ಲಿಷ್ ದನಿಯೇ ಕನ್ನಡ ಓದಲು ಹೋಗಬಹುದು, ಇಲ್ಲವೇ ಸುಮ್ನೆ ದಾಟಿಬಿಡಬಹುದು.

ಜಾಸ್ತಿ ಹೊತ್ತು ಹಿಡಿದದ್ದು ದರದ ಪಟ್ಟಿ. ಒಂದು ಬದಿಗೆ ಡಬ್ಬಿ, ಕಡ್ಡಿ, ಗುಂಟೂರು ತಳಿಗಳು. ಮೇಲೆ ಕ್ವಿಂಟಲ್‌ಗೆ ಕನಿಷ್ಠ, ಗರಿಷ್ಠ, ಮಾದರಿ (ಹೆಚ್ಚು ಮಾಲು ಮಾರಾಟವಾದ) ದರ. ನೋಡುವವರು ಕಣ್ಣೋಡಿಸಿ ಹೊಂದಿಸಿಕೊಳ್ಳುತ್ತಾರೆ. ಕೇಳುವವರಿಗೆ ಒಂದು ಸಲಕ್ಕೆ ಒಂದೇ ಸೆಲ್ ಸಿಗುತ್ತದೆ. ಪಟ್ಟಿಯನ್ನು ಎರಡು ಬಗೆಯಲ್ಲಿ ಮಾಡಿ, ಗದಗಿನಲ್ಲಿ ಸಂಗೀತ ಕಲಿತ, ಕಣ್ಣು ಕಾಣದ ನನ್ನ ಗೆಳೆಯನಿಗೆ ಕೊಟ್ಟೆ. ಅವರ ಮನೆಯಲ್ಲೂ ಮೆಣಸಿನಕಾಯಿ ಬೆಳೆಯುತ್ತಾರೆ. ಅವನು ಬಳಸುವುದು ಎನ್‌ವಿಡಿಎ. ಆಸ್ಟ್ರೇಲಿಯಾದ ಮೈಕಲ್ ಕರನ್ 2006ರಲ್ಲಿ ಶುರು ಮಾಡಿದ ಉಚಿತ ಸ್ಕ್ರೀನ್ ರೀಡರ್ ತಂತ್ರಾಂಶ ಅದು. ಕರನ್ ಅವರಿಗೂ ಕಣ್ಣು ಕಾಣುವುದಿಲ್ಲ.

ಮೊದಲನೆಯದು ಡಿವ್‌ಗಳನ್ನು, ಅಂದರೆ ಅರ್ಥ ಹೇಳದ ಬರೀ ಚೌಕಟ್ಟುಗಳನ್ನು, ಜೋಡಿಸಿದ ಪಟ್ಟಿ. ಅದನ್ನು ಕೇಳಿ ಗೆಳೆಯ ಅಂದ, ‘ಮೂವತ್ತು ಸಾವಿರ ಅಂತೈತಿ. ಡಬ್ಬಿಗೋ ಕಡ್ಡಿಗೋ ತಿಳೀವಲ್ದಪಾ.’ ಎರಡನೆಯದು ನಿಜವಾದ ಟೇಬಲ್. ಸಾಲಿಗೂ ಕಾಲಮ್ಮಿಗೂ ಹೆಡರ್ ಕೊಟ್ಟು, ಯಾವ ಹೆಡರ್ ಸಾಲಿನದು, ಯಾವುದು ಕಾಲಮ್ಮಿನದು ಎಂದು ಸ್ಕೋಪ್‌ನಲ್ಲಿ ಹೇಳಿ, ಕ್ಯಾಪ್ಷನ್‌ನಲ್ಲಿ ತಾರೀಕು ಹಾಕಿದ್ದೆ. ಅದರಲ್ಲಿ ಅವನು ಬಾಣದ ಕೀಲಿ ಒತ್ತುತ್ತ ಹೋದಂತೆ ಸಾಲು ಬದಲಾದಾಗ ತಳಿ, ಕಾಲಮ್ ಬದಲಾದಾಗ ದರದ ಬಗೆ, ಅಂಕಿಯ ಜೊತೆಗೇ ಕೇಳಿಸಿದವು. ನೋಡಲು ಎರಡೂ ಒಂದೇ ಥರ ಇದ್ದವು. ಅದಕ್ಕೇ ನಾನು ಕಿವಿಯಿಂದ ಪರೀಕ್ಷಿಸದೆ ಯಾವ ಪಟ್ಟಿಯನ್ನೂ ಒಪ್ಪಿಸುವುದಿಲ್ಲ.

ಅಂಗಡಿಯವರಿಗೆ ದರ ಏರಿದರೆ ಹಸಿರು, ಇಳಿದರೆ ಕೆಂಪು ಬೇಕಿತ್ತು. ಕೆಂಪು–ಹಸಿರು ಬೇರೆ ಮಾಡಲಾಗದವರು ರೈತರಲ್ಲೂ ಇರುತ್ತಾರೆ ಅಲ್ವಾ? ಬಣ್ಣ ಉಳಿಸಿಕೊಂಡೆ, ಜೊತೆಗೆ ‘ಏರಿಕೆ’, ‘ಇಳಿಕೆ’ ಎಂದು ಬರೆದೆ. ತಿಳಿ ಬೂದು ಅಕ್ಷರ ತೆಗೆದೆ. ವೆಬ್ ಪುಟಗಳು ಎಲ್ಲರಿಗೂ ಬಳಸಲು ಬರುವಂತಿರಲು ಮಾಡಿದ ಡಬ್ಲ್ಯೂಸಿಎಜಿ ಮಾನದಂಡದ ಪ್ರಕಾರ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಕಾಂಟ್ರಾಸ್ಟ್ (ತಿಳಿ–ಗಾಢ ವ್ಯತ್ಯಾಸ) ಬೇಕು. ಯಾರ್ಡಿನ ಬಿಸಿಲಲ್ಲಿ ಮೊಬೈಲ್ ಹಿಡಿದವರಿಗೂ ಇದರಿಂದ ಅನುಕೂಲ. ಸಾಲುಗಳ ನಡುವೆ ಜಾಗ ಹೆಚ್ಚಿಸಿದೆ. ಇಂಗ್ಲಿಷಿಗೆ ಸಾಲುವ ಅಂತರ ನಮ್ಮ ಒತ್ತಕ್ಷರಗಳಿಗೆ ಸಾಲದು, ಕೆಳಗಿನ ಸಾಲಿಗೆ ತಾಗುತ್ತವೆ.

ಇಷ್ಟು ಮಾಡಿದರೂ ದಿನಾ ದರ ಹಾಕುವ ಗುಮಾಸ್ತರಿಗೆ ಕಷ್ಟವಾದರೆ ಮತ್ತೆ ಫೋಟೊ ಬರುತ್ತದೆ. ಅವರಿಗೆ ಮೊಬೈಲಿನಲ್ಲೇ ತುಂಬುವ ಒಂದು ಫಾರ್ಮ್ ಮಾಡಿದೆ. ಪ್ರತಿ ಬಾಕ್ಸಿಗೂ ಲೇಬಲ್ ಇದೆ, ಅಂಕಿಯ ಕೀಲಿಮಣೆ ತಾನೇ ತೆರೆಯುತ್ತದೆ. ದಿನದ ಮಾರಾಟದ ಟೆಂಡರ್ ಮುಗಿದ ಮೇಲೆ ಅವರು ಅಂಕಿ ತುಂಬುತ್ತಾರೆ, ಟೇಬಲ್ ತಾನೇ ತಯಾರಾಗುತ್ತದೆ.